ಬೂಟು ಕಚ್ಚುವ ಪೆಡಲ್, ರಾಗಿ ಹಾಸಿದ ದಾರಿ

ಕ್ಲಿಪ್‌ಲೆಸ್ ಪೆಡಲ್ ಸೈಕಲ್ ಸವಾರನ ಬೂಟನ್ನು ಕಚ್ಚಿ ಹಿಡಿಯುತ್ತದೆ. ಬೂಟಿನ ಅಟ್ಟೆಗೆ ಬಿಗಿದ ಕ್ಲೀಟು ಎಂಬ ತುಣುಕನ್ನು ಪೆಡಲ್ಲಿನ ಸ್ಪ್ರಿಂಗ್ ಬಾಯಿಗೆ ಒತ್ತಿದರೆ ಟಕ್ಕನೆ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಇಟಲಿಯ ಚಿನೆಲ್ಲಿ 1971ರಲ್ಲಿ ಮಾಡಿದ್ದರಲ್ಲಿ ಬಗ್ಗಿ ಕೈಯಿಂದಲೇ ಬಿಡಿಸಿಕೊಳ್ಳಬೇಕಿತ್ತು. ಫ್ರಾನ್ಸಿನ ಲುಕ್ ಕಂಪನಿಯದು 1984ರಲ್ಲಿ ಬಂತು. ಮರುವರ್ಷ ಬರ್ನಾರ್ ಇನೊ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಕ್ಲೀಟು ಅಟ್ಟೆಯೊಳಗೆ ಹುದುಗಿ, ಇಳಿದ ಮೇಲೆ ನಡೆಯಲೂ ಬರುವ ಶಿಮಾನೊ ಎಸ್‌ಪಿಡಿ 1990ರದು. ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಒದಗುವುದು ಇದೇ.

ಹಿಮ ಬೀಳುವ ದೇಶಗಳಲ್ಲಿ ಆ ಹಿಮವೇ ಕ್ಲೀಟಿಗೆ ಮೆತ್ತಿ ಗಟ್ಟಿಯಾಗುತ್ತದೆ. ತುಮಕೂರು ಜಿಲ್ಲೆಯ ಕ್ಯಾತಗಾನಚೆರ್ಲು, ಮಧುಗಿರಿ, ಶಿರಾ, ಪಾವಗಡದ ಕಡೆ ಚಳಿಗಾಲದ ಕಾಟವೇ ಬೇರೆ: ರಾಗಿ ಒಕ್ಕಣೆ. ಕಣ ಮಾಡಿ ರೋಣಗಲ್ಲು ಎಳೆಸಲು ಆಳೂ ಇಲ್ಲ, ಎತ್ತೂ ಇಲ್ಲ. ತೆನೆಹುಲ್ಲನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಬಸ್ಸು, ಲಾರಿಗಳೇ ಪುಕ್ಕಟೆ ಒಕ್ಕಿಕೊಡುತ್ತವೆ. ಅಧಿಕಾರಿಗಳ ಎಚ್ಚರಿಕೆ ಪತ್ರಿಕೆಯಲ್ಲಿ, ಹುಲ್ಲು ರಸ್ತೆಯಲ್ಲಿ, ಎರಡೂ ತಪ್ಪುವುದಿಲ್ಲ. ಹುರುಳಿಯದು ಇನ್ನೂ ಮೋಸ, ಗಾಲಿಯಡಿ ಕಾಳು ಉರುಳುತ್ತದೆ. ರಾಗಿಹುಲ್ಲು ಇಬ್ಬನಿಗೆ ನೆನೆದರೆ ಜಾರು, ಒಣಗಿದರೆ ಚೈನಿಗೂ ಗೇರಿಗೂ ಸುತ್ತಿಕೊಂಡು ಪೆಡಲ್ ನಿಂತೇ ಹೋಗುತ್ತದೆ. ಸೈಕಲ್ ವಾಲುವ ಆ ಗಳಿಗೆಯಲ್ಲಿ ಗಾಬರಿಬಿದ್ದ ಕಾಲು ಮೇಲಕ್ಕೆ ಎಳೆಯುತ್ತದೆಯೇ ಹೊರತು ಪಕ್ಕಕ್ಕೆ ತಿರುಚುವುದಿಲ್ಲ. ಬೂಟು ಬಿಡದೆ, ಸವಾರ ಸೈಕಲ್ ಸಮೇತ ಕುಯ್ದ ಹೊರೆಯಂತೆ ಮಗ್ಗುಲಿಗೆ ಉರುಳುತ್ತಾನೆ.

ಮೇಲಕ್ಕೆಳೆದೂ ಬಲ ಗಳಿಸಬಹುದೆಂಬ ಮಾತು ರೇಸಿನವರಿಗೆ ಒಪ್ಪಬಹುದು. ಊರಿಂದ ಪೇಟೆಗೆ ಹೋಗಿಬರುವವರಿಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೇ. 2006-07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಹಂಚಿದ ಸೈಕಲ್ಲುಗಳ ಸಾದಾ ಪೆಡಲ್ಲಿಗೆ ಹವಾಯಿ ಚಪ್ಪಲಿ ಸಾಕು. ಹುಲ್ಲು ಕಂಡಲ್ಲಿ ಕಾಲೂರುವುದಕ್ಕೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಕಚ್ಚುವ ಪೆಡಲ್ಲೇ ಬೇಕೆನ್ನುವವರಿಗೆ ಶಿಮಾನೊದ ಎಸ್‌ಎಚ್‌56 ಕ್ಲೀಟು ಇದೆ. ಸಾಮಾನ್ಯವಾಗಿ ಬಳಸುವ ಎಸ್‌ಎಚ್‌51 ಪಕ್ಕಕ್ಕೆ ತಿರುಚಿದರೆ ಮಾತ್ರ ಬಿಟ್ಟರೆ, ಇದು ಜೋರಾಗಿ ಮೇಲಕ್ಕೆ ಜಗ್ಗಿದರೂ ಬಿಡುತ್ತದೆ. ಸ್ಪ್ರಿಂಗಿನ ಬಿಗಿಯನ್ನು 3 ಮಿಲಿಮೀಟರ್ ಅಲೆನ್ ಕೀಯಿಂದ ಸಡಿಲಿಸಿಕೊಳ್ಳಬಹುದು. ದೂರದಲ್ಲಿ ಹುಲ್ಲು ಕಂಡಾಗಲೇ ಒಂದು ಕಾಲು ಬಿಡಿಸಿಕೊಳ್ಳುವುದು ಜಾಣತನ. ಈ ಸೀಮೆಯ ಕೆಂಪು ಧೂಳು ಗ್ರೀಸಿಗೆ ಮೆತ್ತಿಕೊಳ್ಳುವುದರಿಂದ ಸ್ಪ್ರಿಂಗನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೆಳು ಎಣ್ಣೆ ಒಂದೆರಡು ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಬೇಕು. ಸವೆದ ಕ್ಲೀಟು ಬೇಡದಾಗ ಬಿಡುತ್ತದೆ, ಬೇಕಾದಾಗ ಬಿಡುವುದಿಲ್ಲ; ಆಗ ಅದನ್ನು ಬದಲಿಸಬೇಕು.