ಅಬ್ಬರದ ಹಾಡಿನ ಅಭಿಮಾನಿಗಳು

ಸಂಗೀತವೆಂದರೆ ಕಿವಿಗೆ ಇಂಪಾಗಿರಬೇಕೆಂದು ನಂಬಿ ಬೆಳೆದವರು ನಾವು. ಆದುದರಿಂದ ಮನೆಯ ಹುಡುಗನೋ ಹುಡುಗಿಯೋ ಹಾರ್ಡ್‌ಕೋರ್ ಎಂಬ ಪಾಶ್ಚಾತ್ಯ ಸಂಗೀತವನ್ನು ಹಾಕಿದೊಡನೆ “ಇದೇನು ಗದ್ದಲ, ನಿಲ್ಲಿಸು” ಎಂದು ಗದರುವುದು ಸಹಜ. ನಾನೂ ಹಾಗೆ ಗದರಿದವನೇ. ಗದ್ದಲಕ್ಕಿಂತಲೂ ನಮ್ಮನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಈ ಮಕ್ಕಳು ಒಂದು ತಂಡವನ್ನು ನೆಚ್ಚಿ ಕೂರುವುದಿಲ್ಲ. ತಿಂಗಳಿಗೊಂದು ಹೊಸ ಹೆಸರು ಹೇಳಿ ಹಿಗ್ಗುತ್ತಾರೆ. ಇದು ಬರಿಯ ಚಾಪಲ್ಯವೆ, ಇಲ್ಲವೆ ಆ ಸಂಗೀತದ ಸ್ವಭಾವವೇ ಹಾಗೆಯೆ? ವಿಚಾರಮಾಡೋಣ.

ಮೊದಲು ಅದರ ಸ್ವರೂಪವನ್ನು ತಿಳಿಯಬೇಕು. ರಾಕ್ ಸಂಗೀತದ ಕವಲಾದ ಪಂಕ್ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇನ್ನಷ್ಟು ವೇಗವನ್ನೂ ಬಿರುಸನ್ನೂ ಪಡೆದು ಹಾರ್ಡ್‌ಕೋರ್ ಎನಿಸಿತು. ಗಿಟಾರು, ಬಾಸ್ ಗಿಟಾರು, ಡ್ರಮ್ಮು, ಒಬ್ಬ ಹಾಡುಗಾರ: ಸಾಮಾನ್ಯವಾಗಿ ಇಷ್ಟೇ ಮೇಳ. ಆಲಾಪನೆಯಿಲ್ಲ, ವಿಸ್ತಾರವಿಲ್ಲ. ಎಷ್ಟೋ ಹಾಡುಗಳು ಎರಡು ನಿಮಿಷವನ್ನು ದಾಟುವುದಿಲ್ಲ. ವರ್ಷಗಟ್ಟಲೆ ಗುರುವಿನ ಬಳಿ ಕಲಿತೇ ವೇದಿಕೆಯೇರಬೇಕೆಂಬ ನಿಯಮವೂ ಇಲ್ಲ. ನಿನ್ನೆ ಕೇಳಿದವನು ನಾಳೆ ಹಾಡಬಹುದು. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ವಾಷಿಂಗ್ಟನ್ ನಗರದ ಉದಾಹರಣೆಯನ್ನು ನೋಡಿ. ಅಲ್ಲಿ ಬ್ಯಾಡ್ ಬ್ರೇನ್ಸ್ ಎಂಬ ಆಫ್ರಿಕನ್ ಅಮೆರಿಕನ್ ಕಲಾವಿದರ ತಂಡವೊಂದಿತ್ತು. ಅದರ ಮಿಂಚಿನ ವೇಗಕ್ಕೆ ಮನಸೋತ ಹೈಸ್ಕೂಲು ಹುಡುಗರಲ್ಲಿ ಇಯಾನ್ ಮೆಕೇ, ಜೆಫ್ ನೆಲ್ಸನ್ ಎಂಬಿಬ್ಬರಿದ್ದರು. ಅವರು ಗೆಳೆಯರೊಡನೆ ಟೀನ್ ಐಡಲ್ಸ್ ಎಂಬ ತಂಡ ಕಟ್ಟಿದರು. ಅದು 1980ರಲ್ಲಿ ಒಡೆಯಿತು. ಆದರೆ ಕಚೇರಿಗಳಿಂದ ಬಂದ ಹಣವನ್ನು ಅವರು ಹಂಚಿಕೊಳ್ಳಲಿಲ್ಲ; ಕೂಡಿಟ್ಟಿದ್ದ ಆ ಗಂಟಿನಿಂದ ಡಿಸ್ಕಾರ್ಡ್ ಎಂಬ ಸಂಸ್ಥೆಯನ್ನು ತೆರೆದು, ಎಂಟು ಹಾಡುಗಳ ಪುಟ್ಟ ಧ್ವನಿಮುದ್ರಿಕೆಯ 1,000 ಪ್ರತಿಗಳನ್ನು ಹೊರತಂದರು. ಸಂಸ್ಥೆಯ ಮೊದಮೊದಲ ತಟ್ಟೆಗಳ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟು ಹಾಕಿದರು. ಬಂದ ಹಣ ಮುಂದಿನ ತಂಡಗಳ ತಟ್ಟೆಗಳಿಗೆ ಬಂಡವಾಳವಾಯಿತು. ಒಂದು ತಂಡದ ಅಳಿವು ಹತ್ತಾರು ತಂಡಗಳಿಗೆ ಗೊಬ್ಬರವಾದುದು ಹೀಗೆ.

ಆ ತಟ್ಟೆಯ ಹೊದಿಕೆಯ ಮೇಲಿನ ಚಿತ್ರವೂ ಅರ್ಥವತ್ತಾದುದು: ಮುಂಗೈಗಳ ಮೇಲೆ ಕಪ್ಪು ಕತ್ತರಿ ಗುರುತು. ಕ್ಯಾಲಿಫೋರ್ನಿಯಕ್ಕೆ ಹಾಡಲು ಹೋದಾಗ, ಅಪ್ರಾಪ್ತವಯಸ್ಕರಾದ ಈ ಹುಡುಗರಿಗೆ ಯಾರೂ ಮದ್ಯ ಕೊಡದಿರಲೆಂದು ಅಲ್ಲಿಯ ಕ್ಲಬ್ಬೊಂದರಲ್ಲಿ ಹಾಗೆ ಗುರುತು ಹಾಕಿದ್ದರು. ಊರಿಗೆ ಮರಳಿದ ಹುಡುಗರು “ನಮಗೂ ಹೀಗೆಯೇ ಗುರುತು ಹಾಕಿ ಒಳಗೆ ಬಿಡಿ, ನಾವು ಕುಡಿಯುವುದಿಲ್ಲ, ಹಾಡು ಕೇಳುತ್ತೇವೆ” ಎಂದು ಕ್ಲಬ್ಬಿನವರನ್ನು ಒಪ್ಪಿಸಿದರು. 1981ರಲ್ಲಿ ಮೆಕೇ ತನ್ನ ಮುಂದಿನ ತಂಡವಾದ ಮೈನರ್ ಥ್ರೆಟ್‌ಗಾಗಿ ಮಾದಕವಸ್ತುಗಳನ್ನು ತೊರೆದ ಬಾಳನ್ನು ಕುರಿತು ಒಂದು ಹಾಡು ಬರೆದ. ಒಂದು ನಿಮಿಷವೂ ಇಲ್ಲದ ಆ ಹಾಡಿನ ಹೆಸರು ‘ಸ್ಟ್ರೇಟ್ ಎಡ್ಜ್’. ಅದೇ ಹೆಸರಿನಲ್ಲಿ ಮದ್ಯ, ತಂಬಾಕು ಬಿಟ್ಟ ತರುಣರು ದೇಶದೇಶಗಳಲ್ಲಿ ಕಾಣಿಸಿಕೊಂಡರು. ಅವಮಾನದ ಗುರುತು ಅಭಿಮಾನದ ಗುರುತಾಯಿತು.

ಹಾಗೆಂದು ದೋಷವನ್ನು ಮುಚ್ಚಿಡಬೇಕಾಗಿಲ್ಲ. ವೇದಿಕೆಯ ಮುಂದಿನ ನೂಕುನುಗ್ಗಲು ಬರಬರುತ್ತ ಹೊಡೆದಾಟಕ್ಕೆ ತಿರುಗಿತು. ಎಷ್ಟೋ ಜನ ಬೇಸತ್ತು ದೂರ ಸರಿದರು. ಮೈನರ್ ಥ್ರೆಟ್ 1983ರಲ್ಲಿ ಕೊನೆಗೊಂಡಿತು. ಆಗ ಅಭಿಮಾನಿಗಳ ಮುಂದೆ ಎರಡು ದಾರಿಗಳಿದ್ದುವು: ಹಳೆಯದನ್ನು ನೆನೆದು ಕೊರಗುವುದು, ಇಲ್ಲವೆ ಹೊಸದನ್ನು ಕಟ್ಟುವುದು. 1985ರ ಬೇಸಿಗೆಯಲ್ಲಿ ಅವರು ಎರಡನೆಯದನ್ನು ಆರಿಸಿಕೊಂಡರು. ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ಮೊದಲಾದ ತಂಡಗಳು ಅದೇ ವಾದ್ಯಗಳಿಂದ ಮನಸ್ಸಿನ ನೋವನ್ನು, ಆತ್ಮಶೋಧನೆಯನ್ನು ಹಾಡಿದುವು. ಇವೆರಡು ತಂಡಗಳವರು ಸೇರಿದ ಫ್ಯುಗಾಜಿ 1987ರಲ್ಲಿ ವೇದಿಕೆಯೇರಿತು. ಐದು ಡಾಲರಿನಷ್ಟು ಕಡಿಮೆ ಪ್ರವೇಶಧನ, ಎಲ್ಲ ವಯಸ್ಸಿನವರಿಗೂ ಪ್ರವೇಶ. ಯಾರಾದರೂ ಪುಂಡಾಟಿಕೆ ಮಾಡಿದರೆ ಹಾಡು ನಿಲ್ಲಿಸಿ, ಹಣ ಹಿಂದಿರುಗಿಸಿ ಹೊರಗೆ ಕಳಿಸುವುದು ಅವರ ಪದ್ಧತಿಯಾಗಿತ್ತು.

ಈ ಬಳ್ಳಿ ಇಂದಿಗೂ ಚಿಗುರುತ್ತಿದೆ. ವಾಷಿಂಗ್ಟನ್ನಿಗೆ ಸಮೀಪದ ಬಾಲ್ಟಿಮೋರಿನಲ್ಲಿ 2010ರಲ್ಲಿ ಹುಟ್ಟಿದ ಟರ್ನ್‌ಸ್ಟೈಲ್ ತಂಡ, 2021ರ ‘ಗ್ಲೋ ಆನ್’ ಸಂಪುಟದಿಂದ ದೊಡ್ಡ ಹೆಸರು ಗಳಿಸಿತು. ಹೆಸರು ಬಂದ ಮೇಲೂ 2025ರ ಮೇ ತಿಂಗಳಲ್ಲಿ ತಮ್ಮೂರಿನ ಉದ್ಯಾನದಲ್ಲಿ ಪುಕ್ಕಟೆಯಾಗಿ ಹಾಡಿ, ವಸತಿಹೀನರ ವೈದ್ಯಸೇವೆಗೆ ಹಣ ಕೂಡಿಸಿದರು.

ಈಗ ನಮ್ಮ ಪ್ರಶ್ನೆಗೆ ಹಿಂದಿರುಗೋಣ. ನಮ್ಮ ಭಜನೆಯಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಎಂಬುದಿಲ್ಲ. ಒಬ್ಬರು ಎತ್ತಿಕೊಟ್ಟರೆ ಎಲ್ಲರೂ ಹಾಡುತ್ತಾರೆ. ಹಾರ್ಡ್‌ಕೋರ್ ಕಚೇರಿಯಲ್ಲೂ ಹಾಡುಗಾರ ಧ್ವನಿವರ್ಧಕವನ್ನು ಮುಂದೆ ಚಾಚುತ್ತಾನೆ, ಸಭೆಯೇ ಪಲ್ಲವಿಯನ್ನು ಹಾಡುತ್ತದೆ. ಆ ಸಭೆಯಿಂದಲೇ ನಾಳಿನ ತಂಡ ಏಳಬೇಕು. ಆದುದರಿಂದ ಅಲ್ಲಿ ಹೊಸ ತಂಡಕ್ಕೆ ಕಿವಿಗೊಡುವುದು ಚಾಪಲ್ಯವಲ್ಲ, ತೋಟಕ್ಕೆ ನೀರೆರೆಯುವ ಕೆಲಸ.

ಮುಂದಿನ ಸಲ ಒಳಕೋಣೆಯಿಂದ ಆ ಅಬ್ಬರ ಕೇಳಿಬಂದಾಗ ಬಾಗಿಲು ತಟ್ಟಿ ಒಳಗೆ ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. “ಇವರು ಯಾರು? ಏನು ಹೇಳುತ್ತಿದ್ದಾರೆ?” ಎಂದು ಕೇಳಿ. ಹಾಡು ನಿಮಗೆ ಹಿಡಿಸದೆ ಹೋಗಬಹುದು. ಅದು ಎರಡು ನಿಮಿಷದಲ್ಲಿ ಮುಗಿದೂ ಹೋಗುತ್ತದೆ. ಅದನ್ನು ವಿವರಿಸುವ ಮಗುವಿನ ಮುಖವನ್ನು ಮಾತ್ರ ನೋಡಲು ಮರೆಯದಿರಿ.