ಐರೋಪ್ಯ ಅರಣ್ಯ ಕಾನೂನು ಮತ್ತು ನಮ್ಮ ಸಣ್ಣ ಕಾಫಿ ತೋಟಗಳು



ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ ಎರಡು ಎಕರೆ ಕಾಫಿ ಇಟ್ಟುಕೊಂಡವರಿಗೂ ಯೂರೋಪಿನ ಕಾನೂನಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧ ಇದ್ದೇ ಇದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ಅದರ ದೊಡ್ಡ ಗಿರಾಕಿಗಳು.

ತಮ್ಮ ಕಂಪನಿಗಳ ವ್ಯಾಪಾರದಿಂದ ದೂರದೇಶಗಳ ಕಾಡು ನಾಶವಾಗುತ್ತಿದೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದ ಕಾಫಿ ಅಲ್ಲಿ ಮಾರಾಟವಾಗುವಂತಿಲ್ಲ. ಅಡಿಕೆ ಈ ಪಟ್ಟಿಯಲ್ಲಿಲ್ಲ. ಎರಡು ಸಲ ಮುಂದೂಡಿದ ಮೇಲೆ, 2025ರ ತಿದ್ದುಪಡಿಯಂತೆ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಜಾರಿಯ ದಿನಗಳು.

ಹೊಣೆ ಕಂಪನಿಯದೇ. ಆದರೆ ಪುರಾವೆ ಇರುವುದು ನಮ್ಮ ತೋಟದಲ್ಲಿ. ಮೂಲ ಗೊತ್ತಿಲ್ಲದ ಕಾಫಿಯನ್ನು ಗೊತ್ತಿರುವುದರೊಡನೆ ಬೆರೆಸುವಂತಿಲ್ಲ. ಆದ್ದರಿಂದ ವಿವರವಿಲ್ಲದ ಒಂದು ಮೂಟೆ ಕ್ಯೂರಿಂಗ್ ವರ್ಕ್ಸಿನಲ್ಲಿ ಸೇರಿಕೊಂಡರೆ ಇಡೀ ರಾಶಿಗೇ ತೊಡಕು. ಅಂಥ ಮೂಟೆಯನ್ನು ವ್ಯಾಪಾರಿ ಬೇಡವೆನ್ನಬಹುದು, ಇಲ್ಲವೇ ಬೆಲೆ ಇಳಿಸಬಹುದು. ನಷ್ಟ ನಮಗೆ.

ಬೇಕಾಗುವುದು ಮೂರು ಸಂಗತಿ.

ಒಂದು, ತೋಟದ ಸ್ಥಾನ. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ಹೆಚ್ಚಿಲ್ಲದ ತೋಟಕ್ಕೆ ಅಕ್ಷಾಂಶ ರೇಖಾಂಶದ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯ ನಕ್ಷೆ ಬೇಕು. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶವೆಂದು ಗುರುತಿಸಿದ್ದರೂ ಸ್ಥಾನದ ವಿವರ ತಪ್ಪುವುದಿಲ್ಲ.

ಎರಡು, ಜಮೀನಿನ ಹಕ್ಕು. ಪಹಣಿ ಇರುವವರು ಅದನ್ನು ಸರಿಪಡಿಸಿಟ್ಟುಕೊಳ್ಳಿ. ಸೋಲಿಗ ಬಂಧುಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಂದ ಹಕ್ಕುಪತ್ರವೇ ಇಲ್ಲಿ ಆಧಾರ. ಅದನ್ನು ಜೋಪಾನ ಮಾಡಿ. ಅರ್ಜಿ ಬಾಕಿಯಿದ್ದರೆ ಗ್ರಾಮಸಭೆಯಲ್ಲಿ ವಿಚಾರಿಸಿ.

ಮೂರು, ನೀರು. ನಮ್ಮ ದೇಶದ ಪರಿಸರ ಕಾನೂನನ್ನು ಪಾಲಿಸಿರಬೇಕೆಂಬುದೂ ಆ ಕಾನೂನಿನಲ್ಲಿದೆ. ಪಲ್ಪರಿನಿಂದ ಬರುವ ಲೋಳೆನೀರು ಹಳ್ಳ ಸೇರಿದರೆ ಕೊಳೆಯುತ್ತ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಮೀನು ಸಾಯುತ್ತದೆ, ತಪ್ಪಲಿನ ಊರುಗಳ ನೀರು ಕೆಡುತ್ತದೆ. ಸಂಸ್ಕರಿಸದೆ ಬಿಡುವುದು 1974ರ ಜಲ ಕಾಯ್ದೆಗೆ ವಿರುದ್ಧ. ಅದನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು, ಮುಂದಿನ ಸಂಸ್ಕರಣೆ ಮಾಡಬೇಕು. ಸಿಪ್ಪೆಯನ್ನು ಗೊಬ್ಬರ ಮಾಡಿ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸುವವರಿಗೆ ಈ ಚಿಂತೆಯಿಲ್ಲ.

ಹೆದರಬೇಕಾದ್ದಿಲ್ಲ. ಹಳೆಯ ತೋಟದಲ್ಲಿ ಮುದಿ ಗಿಡ ತೆಗೆದು ಹೊಸದು ನೆಡುವುದು ಕಾಡು ಕಡಿದಂತಲ್ಲ. ಮರದ ನೆರಳಿನಲ್ಲಿ ಕಾಫಿ ಬೆಳೆದ ನಮಗೆ ಮುಚ್ಚಿಡುವುದೇನೂ ಇಲ್ಲ. ಇರುವುದನ್ನು ಕಾಗದದಲ್ಲಿ ತೋರಿಸಬೇಕು, ಅಷ್ಟೇ. ಕೊಯ್ಲಿಗೆ ಮೊದಲೇ ಕಾಫಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ತೋಟದ ಬಿಂದು ಗುರುತಿಸಿಕೊಳ್ಳಿ. ಓದು ಬಾರದ ನೆರೆಯವರಿಗೂ ಈ ವಿಷಯ ತಿಳಿಸಿರಿ.