ಸಾಫ್ಟ್‌ವೇರ್ ಉಚಿತ, ಸರ್ವರ್ ಉಚಿತವಲ್ಲ: ಸ್ವಯಂಸೇವಾ ಯೋಜನೆಗಳ ಬಜೆಟ್ ಲೆಕ್ಕ ಹೇಗಿರಬೇಕು?

ಹೈದರಾಬಾದ್: ದೇಶದ ಪ್ರಮುಖ ಡೇಟಾ ಸೆಂಟರ್ ನಗರಗಳಲ್ಲಿ ಹೈದರಾಬಾದ್ ಕೂಡ ಒಂದು. ಅಮೆಜಾನ್ ವೆಬ್ ಸರ್ವೀಸಸ್ 2022ರ ನವೆಂಬರ್‌ನಲ್ಲಿ ಇಲ್ಲಿ ತನ್ನ ಕ್ಲೌಡ್ ವಲಯ ಆರಂಭಿಸಿತು. ಭಾರತದಲ್ಲಿ ಮುಂಬೈ ಬಳಿಕ ಇದು ಅದರ ಎರಡನೇ ವಲಯ. ಇದೇ ನಗರದಲ್ಲಿ ‘ಸ್ವೇಚ್ಛ’ ಎಂಬ ಲಾಭರಹಿತ ಸಂಸ್ಥೆಯೂ ಇದೆ. ತೆಲುಗಿನಲ್ಲೇ ಕಂಪ್ಯೂಟರ್ ಬಳಸಲು ಅನುವಾಗುವ ಲಿನಕ್ಸ್ ಆವೃತ್ತಿಯನ್ನು ರೂಪಿಸಿದ್ದು ಈ ಸಂಸ್ಥೆಯ ಸ್ವಯಂಸೇವಕರು.

ಇಂತಹ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಕೋಡ್ ಬರೆಯುವವರು ಸಂಬಳ ಕೇಳದೇ ಇರಬಹುದು, ಬಳಸುವವರು ಹಣ ಕೊಡಬೇಕಾಗಿಯೂ ಇಲ್ಲ. ಆದರೆ ಆ ಕೋಡ್ ಇರುವ ಸರ್ವರ್‌ಗೆ ತಿಂಗಳು ತಿಂಗಳು ಬಿಲ್ ಬರುತ್ತದೆ. ಅದನ್ನು ಕಟ್ಟದಿದ್ದರೆ ವರ್ಷಗಳ ಶ್ರಮ ಒಂದೇ ದಿನದಲ್ಲಿ ಬಳಕೆದಾರರ ಕೈಗೆ ಸಿಗದಂತಾಗಬಹುದು. ಹಾಗಾದರೆ ಈ ಖರ್ಚನ್ನು ಮುಂಚಿತವಾಗಿ ಅಂದಾಜಿಸುವುದು ಹೇಗೆ?

ದೊಡ್ಡ ಯೋಜನೆಗಳೇ ಎಡವಿದಾಗ

ಲಿನಕ್ಸ್ ಡೆಸ್ಕ್‌ಟಾಪ್‌ಗೆ ಬೇಕಾದ ವೇಲ್ಯಾಂಡ್, ಮೆಸಾದಂತಹ ತಂತ್ರಾಂಶಗಳ ಕೋಡ್ ಇರುವುದು ಫ್ರೀಡೆಸ್ಕ್‌ಟಾಪ್ ಎಂಬ ತಾಣದಲ್ಲಿ. ಇದರ ಖರ್ಚು ನೋಡಿಕೊಳ್ಳುವುದು ಎಕ್ಸ್.ಆರ್ಗ್ ಫೌಂಡೇಶನ್. 2020ರ ಫೆಬ್ರವರಿಯಲ್ಲಿ ಈ ಸಂಸ್ಥೆ ಬಹಿರಂಗವಾಗಿ ಕಷ್ಟ ಹೇಳಿಕೊಂಡಿತು. ಆ ವರ್ಷದ ಹೋಸ್ಟಿಂಗ್ ವೆಚ್ಚ ಸುಮಾರು 75 ಸಾವಿರ ಡಾಲರ್ ಮುಟ್ಟಲಿದೆ, ಪ್ರಾಯೋಜಕರು ಸಿಗದಿದ್ದರೆ ಕೆಲವು ಸೇವೆ ನಿಲ್ಲಿಸಬೇಕಾಗುತ್ತದೆ ಎಂದು ತಿಳಿಸಿತು. ಹೊಸ ಕೋಡ್ ಬಂದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯೇ ಬಿಲ್ ಏರಲು ಮುಖ್ಯ ಕಾರಣವಾಗಿತ್ತು.

ನಂತರ ಕಂಪನಿಯೊಂದು ಉಚಿತವಾಗಿ ಸರ್ವರ್ ಕೊಟ್ಟಿದ್ದರಿಂದ ಸಮಸ್ಯೆ ಬಗೆಹರಿಯಿತು. ಆದರೆ 2025ರ ಜನವರಿಯಲ್ಲಿ ಆ ಕಂಪನಿಯೇ ಈ ಸೇವೆಯಿಂದ ಹಿಂದೆ ಸರಿಯಿತು. ಏಪ್ರಿಲ್ ಅಂತ್ಯದೊಳಗೆ ಎಲ್ಲವನ್ನೂ ಬೇರೆಡೆಗೆ ಸಾಗಿಸಬೇಕಾಯಿತು. ಆಲ್ಪೈನ್ ಲಿನಕ್ಸ್ ಯೋಜನೆಗೂ ಇದೇ ಪರಿಸ್ಥಿತಿ ಎದುರಾಯಿತು. ದಾನವಾಗಿ ಬಂದ ಸರ್ವರ್ ಶಾಶ್ವತವಲ್ಲ ಎಂಬುದು ಎರಡೂ ಯೋಜನೆಗಳಿಗೆ ಅರಿವಾಯಿತು.

ಇಡುವುದು ಅಗ್ಗ, ಕಳುಹಿಸುವುದು ದುಬಾರಿ

ಹೊಸ ತಂಡಗಳು ಮೊದಲು ತಪ್ಪುವುದು ಇಲ್ಲೇ. ಎಷ್ಟು ಜಿಬಿ ಜಾಗ ಬೇಕು ಎಂದು ಲೆಕ್ಕ ಹಾಕುತ್ತಾರೆ, ಅದನ್ನು ಎಷ್ಟು ಜನ ಡೌನ್‌ಲೋಡ್ ಮಾಡುತ್ತಾರೆ ಎಂಬುದನ್ನು ಮರೆಯುತ್ತಾರೆ.

ಒಂದು ಉದಾಹರಣೆ ನೋಡೋಣ. ದೊಡ್ಡ ಕ್ಲೌಡ್ ಕಂಪನಿಯ ಭಾರತೀಯ ವಲಯದಲ್ಲಿ ಒಂದು ಜಿಬಿ ಕಡತ ಇಡಲು ತಿಂಗಳಿಗೆ ಸುಮಾರು 2.5 ಸೆಂಟ್ ಎಂದುಕೊಳ್ಳಿ. ಅದೇ ಒಂದು ಜಿಬಿಯನ್ನು ಹೊರಗಿನ ಇಂಟರ್ನೆಟ್‌ಗೆ ಕಳುಹಿಸಲು ಸುಮಾರು 11 ಸೆಂಟ್. ಡಾಲರ್‌ಗೆ 85 ರೂಪಾಯಿಯಂತೆ, 2 ಜಿಬಿ ಗಾತ್ರದ ಇನ್‌ಸ್ಟಾಲರ್ ಕಡತ ಇಡಲು ತಿಂಗಳಿಗೆ 5 ರೂಪಾಯಿಯೂ ಆಗುವುದಿಲ್ಲ. ಅದನ್ನು ಒಂದೇ ತಿಂಗಳಲ್ಲಿ 5 ಸಾವಿರ ಜನ ಇಳಿಸಿಕೊಂಡರೆ ಹೊರಹೋಗುವ ಡೇಟಾ 10 ಸಾವಿರ ಜಿಬಿ. ಬಿಲ್ 90 ಸಾವಿರ ರೂಪಾಯಿ ದಾಟುತ್ತದೆ. 18% ಜಿಎಸ್‌ಟಿ ಸೇರಿದರೆ ಮೊತ್ತ ಲಕ್ಷ ಮೀರುತ್ತದೆ.

ಇದಕ್ಕೆ ಹಳೆಯ ಪರಿಹಾರವೊಂದಿದೆ, ಅದೇ ‘ಮಿರರ್’. ಡೆಬಿಯನ್‌ನಂತಹ ಯೋಜನೆಗಳ ಕಡತಗಳ ಪ್ರತಿಯನ್ನು ಜಗತ್ತಿನ ಹಲವು ವಿಶ್ವವಿದ್ಯಾಲಯಗಳು, ಸಂಸ್ಥೆಗಳು ತಮ್ಮ ಸರ್ವರ್‌ಗಳಲ್ಲಿ ಇಟ್ಟುಕೊಂಡು ಹಂಚುತ್ತವೆ. ದೊಡ್ಡ ಕಡತಗಳಿಗೆ ಟೊರೆಂಟ್ ಕೂಡ ಒಳ್ಳೆಯ ದಾರಿ. ಡೌನ್‌ಲೋಡ್‌ಗೆ ಪ್ರತ್ಯೇಕ ಶುಲ್ಕವಿಲ್ಲದ ಅಥವಾ ನಿಗದಿತ ಮಿತಿಯವರೆಗೆ ಉಚಿತವಾಗಿರುವ ಬಾಡಿಗೆ ಸರ್ವರ್‌ಗಳೂ ಸಿಗುತ್ತವೆ.

ಸಂಗ್ರಹದ ಲೆಕ್ಕ ಹೀಗಿರಲಿ

ಸಂಗ್ರಹ ಅಗ್ಗವೇನೋ ಹೌದು, ಆದರೆ ಅದು ಕಡಿಮೆಯಾಗುವುದು ಅಪರೂಪ. ಹಳೆಯ ಆವೃತ್ತಿಗಳು, ಪರೀಕ್ಷೆಯ ಫಲಿತಾಂಶಗಳು, ಲಾಗ್ ಕಡತಗಳು ಸೇರುತ್ತಲೇ ಹೋಗುತ್ತವೆ. ಹಾಗಾಗಿ ಇಂದಿನ ಗಾತ್ರವನ್ನಷ್ಟೇ ನೋಡಿ ಬಜೆಟ್ ಮಾಡಬಾರದು.

ಈಗ 500 ಜಿಬಿ ಇದೆ, ತಿಂಗಳಿಗೆ 40 ಜಿಬಿ ಸೇರುತ್ತಿದೆ ಎಂದಾದರೆ ಎರಡು ವರ್ಷದ ನಂತರ 1,460 ಜಿಬಿ ಆಗಿರುತ್ತದೆ. ಮೂಲದ ಜೊತೆಗೆ ಎರಡು ಬ್ಯಾಕಪ್ ಪ್ರತಿ ಇಟ್ಟರೆ ಬೇಕಾಗುವ ಜಾಗ ಸುಮಾರು 4,400 ಜಿಬಿ. ಬಜೆಟ್‌ನಲ್ಲಿ ಬರೆಯಬೇಕಾದ ಅಂಕಿ ಇದು, 500 ಅಲ್ಲ. ಹಳೆಯ ಪರೀಕ್ಷಾ ಕಡತಗಳನ್ನು 30 ಅಥವಾ 90 ದಿನಗಳ ನಂತರ ತಾನಾಗಿ ಅಳಿಸುವ ನಿಯಮ ಹಾಕಿದರೆ ಈ ಅಂಕಿ ಸಾಕಷ್ಟು ಇಳಿಯುತ್ತದೆ.

ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಬ್ಯಾಕಪ್‌ಗೆ. ಅದು ಅಪಾಯಕಾರಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಸಿಬ್ಬಂದಿಯೊಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸ್ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇದ್ದರೂ ಯಾವುದೂ ನಂಬುವಂತೆ ಕೆಲಸ ಮಾಡುತ್ತಿರಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. ಸುಮಾರು ಆರು ಗಂಟೆಗಳ ಡೇಟಾ ಮರಳಿ ಸಿಗಲಿಲ್ಲ. ಬ್ಯಾಕಪ್ ಇಟ್ಟರಷ್ಟೇ ಸಾಲದು, ಆಗಾಗ ಅದರಿಂದ ಡೇಟಾ ವಾಪಸ್ ತೆಗೆದು ನೋಡಬೇಕು.

ಬಿಲ್ ಏರಿಸುವ ಬಾಟ್‌ಗಳು

ಈಗ ಮತ್ತೊಂದು ಹೊಸ ಖರ್ಚು ಸೇರಿದೆ. ಎಐ ತರಬೇತಿಗಾಗಿ ಮಾಹಿತಿ ಬಾಚಿಕೊಳ್ಳುವ ಬಾಟ್‌ಗಳು ಮುಕ್ತ ತಾಣಗಳಿಗೆ ಮುಗಿಬೀಳುತ್ತಿವೆ. 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೊ ಡೌನ್‌ಲೋಡ್‌ನ ಬ್ಯಾಂಡ್‌ವಿಡ್ತ್ 50% ಹೆಚ್ಚಿದೆ ಎಂದು ವಿಕಿಮೀಡಿಯ ಫೌಂಡೇಶನ್ 2025ರ ಏಪ್ರಿಲ್‌ನಲ್ಲಿ ಹೇಳಿತು. ಅತಿ ಹೆಚ್ಚು ಖರ್ಚು ತರುವ ಸಂಚಾರದಲ್ಲಿ 65% ಬಾಟ್‌ಗಳದ್ದೇ ಎಂದೂ ತಿಳಿಸಿತು. ಸಣ್ಣ ಯೋಜನೆಗಳು ಆರಂಭದಲ್ಲೇ ಬಾಟ್‌ಗಳಿಗೆ ಮಿತಿ ಹಾಕುವುದು ಒಳಿತು. ಬಿಲ್ ಇಂತಿಷ್ಟು ದಾಟಿದರೆ ಎಚ್ಚರಿಕೆ ಸಂದೇಶ ಬರುವಂತೆಯೂ ಮಾಡಿಕೊಳ್ಳಬೇಕು.

ಭಾರತದ ಸಂಸ್ಥೆಗಳು ಗಮನಿಸಬೇಕಾದ್ದು

ಹಲವು ಕ್ಲೌಡ್ ಸೇವೆಗಳ ದರ ನಿಗದಿಯಾಗುವುದು ಡಾಲರ್‌ನಲ್ಲಿ. 2022ರ ಆರಂಭದಲ್ಲಿ ಸುಮಾರು 75 ರೂಪಾಯಿ ಇದ್ದ ಡಾಲರ್ 2024ರ ಡಿಸೆಂಬರ್‌ನಲ್ಲಿ 85 ದಾಟಿತು. ಅಂದರೆ ಬಳಕೆ ಒಂದಿಷ್ಟೂ ಹೆಚ್ಚದಿದ್ದರೂ ಬಿಲ್ 13% ಏರಿತು.

ಜಿಎಸ್‌ಟಿ ಮತ್ತೊಂದು ಹೊರೆ. ವ್ಯಾಪಾರಿ ಕಂಪನಿಗಳು ಕಟ್ಟಿದ ತೆರಿಗೆಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತವೆ. ಏನನ್ನೂ ಮಾರದ ಲಾಭರಹಿತ ಸಂಸ್ಥೆಗೆ ಆ ಅವಕಾಶವಿಲ್ಲ. ಇನ್ನು ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ಕಾಯ್ದೆಯಡಿ ಅನುಮತಿ ಬೇಕು. ಆ ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಹಾಗಾಗಿ ವಿದೇಶಿ ನೆರವು ಬಂದೇ ಬರುತ್ತದೆ ಎಂದು ನಂಬಿ ಸರ್ವರ್ ಪಡೆಯುವುದು ಸರಿಯಲ್ಲ.

ಕೊನೆಗೆ ಉಳಿಯಬೇಕಾದ ಹಣ

ಕ್ಲೌಡ್ ಕಂಪನಿಗಳು ಲಾಭರಹಿತ ಸಂಸ್ಥೆಗಳಿಗೆ ಕೊಡುವ ಉಚಿತ ಕ್ರೆಡಿಟ್ ಪಡೆಯುವುದು ತಪ್ಪಲ್ಲ. ಆದರೆ ಬಜೆಟ್‌ನಲ್ಲಿ ಅದರ ಎದುರು ನಿಜವಾದ ಬೆಲೆಯನ್ನೂ, ಕ್ರೆಡಿಟ್ ಮುಗಿಯುವ ದಿನಾಂಕವನ್ನೂ ಬರೆಯಬೇಕು. ಕನಿಷ್ಠ ಆರು ತಿಂಗಳ ಬಿಲ್ ಕಟ್ಟುವಷ್ಟು ಹಣ ಖಾತೆಯಲ್ಲಿ ಇರಬೇಕು. ಫ್ರೀಡೆಸ್ಕ್‌ಟಾಪ್‌ಗೆ ಸ್ಥಳಾಂತರಕ್ಕೆ ಸಿಕ್ಕಿದ್ದು ಸುಮಾರು ಮೂರೇ ತಿಂಗಳು ಎಂಬುದನ್ನು ಮರೆಯಬಾರದು.

ಡೊಮೇನ್ ಹೆಸರಿನ ನವೀಕರಣ ಮತ್ತು ಸರ್ವರ್ ಪಾಸ್‌ವರ್ಡ್ ಒಬ್ಬರ ಕೈಯಲ್ಲಷ್ಟೇ ಇರಬಾರದು. ಇವುಗಳಿಗೆ ತಗಲುವ ಖರ್ಚು ತೀರಾ ಕಡಿಮೆ. ಆದರೆ ಆ ಒಬ್ಬರು ಊರು ಬಿಟ್ಟರೆ ಅಥವಾ ಕೆಲಸ ಬಿಟ್ಟರೆ, ಖಾತೆಯಲ್ಲಿ ಹಣವಿದ್ದೂ ಯೋಜನೆ ನಿಂತುಹೋಗಬಹುದು.